ಚನ್ನರಾಯಪಟ್ಟಣದ 1,777 ಎಕರೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು, ಅಂದರೆ ವಿಮಾನ ಉದ್ಯಮದ ಕಾರ್ಖಾನೆಗಳಿಗೆಂದು, 1,777 ಎಕರೆ ಸ್ವಾಧೀನ ಮಾಡಿಕೊಳ್ಳುವುದನ್ನು 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತಿದ್ದರು.

ನನ್ನ ತಮ್ಮ ಕಾರ್ಖಾನೆಯಲ್ಲಿ ಫಿಟ್ಟರ್. ಅವನ ಸಂಬಳದಿಂದಲೇ ನಮ್ಮ ತೋಟಕ್ಕೆ ಡ್ರಿಪ್ ಬಂತು. ಕಾರ್ಖಾನೆಯೇ ಬೇಡ ಅಂತ ಸುಮ್ನೆ ಹೇಳೋಕೆ ನನಗೆ ಬಾಯಿ ಬರಲ್ಲ. ಆದರೆ ರಾಗಿ, ದ್ರಾಕ್ಷಿ, ರೇಷ್ಮೆ ಬೆಳೆಯುವ ನೆಲವೇ ಯಾಕೆ ಬೇಕು?

ಪರಿಹಾರದ ಮಾತೆಲ್ಲ ಪಹಣಿಯಲ್ಲಿ ಹೆಸರಿದ್ದವರ ಸುತ್ತ ಅಲ್ವಾ? ನಮ್ಮಕ್ಕ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಯಲ್ಲೇ ಮಕ್ಕಳನ್ನು ಓದಿಸಿದಳು. ಅವಳ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ.

ಮನಸ್ಸಿದ್ದವರು ಜಮೀನು ಕೊಡಬಹುದು, ಹೆಚ್ಚಿನ ಬೆಲೆ ಕೊಡುತ್ತೇವೆ ಎಂದೂ ಸರ್ಕಾರ ಹೇಳಿದೆ. ಅಕ್ಕಪಕ್ಕದವರು ಕೊಟ್ಟು, ನಡುವೆ ಒಬ್ಬರದೇ ಹೊಲ ಉಳಿದರೆ ದಾರಿ, ನೀರು ಯಾರನ್ನು ಕೇಳೋದು?