ಕತ್ತಿಗಳೆಲ್ಲಿ ಅಂತ ಅತ್ತೆ ಕೇಳಿದರು

"ಯುದ್ಧ ಶುರು ಮಾಡಿದ್ದೂ ನಾವೇ, ಸೋತಿದ್ದೂ ನಾವೇ." ಭಾನುವಾರದಿಂದ ಈ ಮಾತು ತಲೆಯಲ್ಲೇ ಸುತ್ತುತ್ತಿದೆ. ಹೇಳಿದ್ದು ವಾರ್ಟ್‌ಬುರ್ಗ್ ಕೋಟೆಯ ವಯಸ್ಸಾದ ಗೈಡ್. ಕೇಳಿದ್ದು ನಮ್ಮತ್ತೆ.

ಜರ್ಮನಿಯ ಐಸೆನಾಖ್ ಊರಿನ ಈ ಬೆಟ್ಟಕ್ಕೆ ಜನ ಹತ್ತುವುದು ಜಾಸ್ತಿ ಕ್ರೈಸ್ತ ಧರ್ಮ ಸುಧಾರಕ ಮಾರ್ಟಿನ್ ಲೂಥರ್‌ಗಾಗಿ. 1521ರಲ್ಲಿ ನೈಟ್ ವೇಷದಲ್ಲಿ ಇಲ್ಲಿ ಅಡಗಿದ್ದು, ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದನಲ್ಲ. ಸೈತಾನನಿಗೆ ಮಸಿಕುಡಿಕೆ ಎಸೆದನಂತೆ, ಆ ಗೋಡೆಯ ಗಾರೆಯನ್ನು ಜನ ಕೆರೆದು ಕೆರೆದು ಒಯ್ದಿದ್ದಾರೆ. ಅತ್ತೆಗೆ ಇದ್ಯಾವುದೂ ಬೇಡ. "ಕೋಟೆ ಅಂದ್ಮೇಲೆ ಕತ್ತಿ, ಗುರಾಣಿ ಎಲ್ಲಿ?"

ಗೈಡ್ ಒಂದೇ ಉಸಿರಿಗೆ ಮುಗಿಸಿದ. ಸುಮಾರು 800 ಇದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಸೋವಿಯತ್ ಸೈನ್ಯ ಒಯ್ದಿತು. ಮುಂದಿನ ಕೋಣೆಗೆ ಬನ್ನಿ.

"ಒಯ್ಯೋವಾಗ ಇವ್ರೇನು ನೋಡ್ತಾ ನಿಂತಿದ್ರಾ? ಕೇಳು." ಮುಜುಗರದಿಂದಲೇ ಕೇಳಿದೆ. ಆಗ ಬಂದದ್ದು ಆ ಮಾತು. ದೂರಿನ ದನಿಯಿಲ್ಲ, ಭಾಷಣವೂ ಇಲ್ಲ. ಗುಂಪಿನಲ್ಲಿ ಒಬ್ಬ ಗಡಿಯಾರ ನೋಡಿಕೊಂಡ. ಅವನ ಮೇಲೆ ಈಗಲೂ ಸಿಟ್ಟಿದೆ.

ಫ್ರಾನ್ಸ್ ದೊರೆ ಎರಡನೇ ಹೆನ್ರಿಯ ಕವಚ ಅಲ್ಲಿತ್ತು. ಲೂಥರ್‌ನನ್ನು ಅಡಗಿಸಿದ ಸ್ಯಾಕ್ಸನಿಯ ದೊರೆ ಫ್ರೆಡರಿಕ್‌ನ ಸಾಮಾನಿತ್ತು. 19ನೇ ಶತಮಾನದಲ್ಲಿ ಪಾಳು ಕೋಟೆಯನ್ನು ರಿಪೇರಿ ಮಾಡಿಸಿದ ಡ್ಯೂಕ್ ಕಾರ್ಲ್ ಅಲೆಕ್ಸಾಂಡರ್‌ಗೆ ಇಂಥದ್ದೆಲ್ಲ ಪ್ರೀತಿ. 1912ರಲ್ಲಿ ಈ ಆಯುಧಗಳ ಮೇಲೆ ದೊಡ್ಡ ಪುಸ್ತಕವೇ ಅಚ್ಚಾಯಿತು. ಪುಸ್ತಕ ಉಳಿಯಿತು, ಆಯುಧ ಹೋದವು. 1960ರ ದಶಕದಲ್ಲಿ ಕೆಲವು ಮಾತ್ರ ವಾಪಸ್ ಬಂದವು. ನನಗೆ ಅರ್ಥವಾಗದ್ದು ಇನ್ನೊಂದು ಜರ್ಮನ್ ಊರು ಡ್ರೆಸ್ಡೆನ್ ವಿಷಯ. ಅಲ್ಲಿಯ ಆಯುಧ ಸಂಗ್ರಹವನ್ನೂ ಸೋವಿಯತ್ ಸೈನ್ಯವೇ ಒಯ್ದಿತ್ತು, ಆದರೆ 1958ರಲ್ಲಿ ಹಿಂದಿರುಗಿಸಿತು. ಎರಡೂ ಆಗಿನ ಪೂರ್ವ ಜರ್ಮನಿಯವೇ. ಇದೆಂಥ ಲೆಕ್ಕ? 1998ರಲ್ಲಂತೂ ಹೀಗೆ ತಂದ ಕಲಾವಸ್ತುಗಳೆಲ್ಲ ತನ್ನವೇ ಎಂದು ರಷ್ಯಾ ಕಾನೂನನ್ನೇ ಮಾಡಿತು.

ಗೈಡ್ ಹೇಳಿದ್ದು ತಪ್ಪೆನ್ನಲಾರೆ. ಲೆನಿನ್‌ಗ್ರಾಡ್ ಬಳಿಯ ಅರಮನೆಯಿಂದ ಗೋಡೆಗೆಲ್ಲ ಅಂಬರ್ ಎಂಬ ಹೊಂಬಣ್ಣದ ಗಟ್ಟಿ ಅಂಟು ಹೊದಿಸಿದ್ದ ಇಡೀ ಅಂಬರ್ ಕೋಣೆಯನ್ನೇ ಕಿತ್ತು ತಂದವರು ನಾಜಿಗಳು. ಅದು ಇವತ್ತಿಗೂ ಸಿಕ್ಕಿಲ್ಲ. ಆದರೂ ತನ್ನ ಊರಿನ ನಷ್ಟದ ಮುಂದೆ ನಿಂತು ಹಾಗೆ ಹೇಳಲು ಎಷ್ಟು ಜನರಿಗೆ ಸಾಧ್ಯ? ತಾತನ ಕಾಲದ ಎರಡು ಗುಂಟೆಗಾಗಿ ನಮ್ಮ ಮನೆಯವರು ದಾಯಾದಿಗಳ ಜೊತೆ ಇನ್ನೂ ಮಾತು ಬಿಟ್ಟಿದ್ದಾರೆ. ಮೊದಲು ಬೇಲಿ ಸರಿಸಿದ್ದು ಯಾರು ಎಂದು ಯಾರೂ ಬಾಯಿ ಬಿಡುವುದಿಲ್ಲ.

ಅತ್ತೆ ಮಾತ್ರ ಒಪ್ಪಿಲ್ಲ. "ಜಗಳ ಆಡಿದವ್ರು ಇವ್ರು. ಆ ಕವಚ ಏನು ಮಾಡಿತ್ತು? ಕಬ್ಬಿಣ ಅಲ್ವಾ, ಎಲ್ಲೋ ಇದ್ದೇ ಇರುತ್ತೆ. ಹುಡುಕಲಿ." ಡ್ರೆಸ್ಡೆನ್‌ಗೆ ಹೋಗೋಣವೇ ಎಂದೆ. ಅಲ್ಲಾದರೂ ಇವೆಯಾ ಅಂತ ಮೊದಲು ಫೋನ್ ಮಾಡಿ ಕೇಳು ಎಂದರು.