ಹಲ್ಲಿನ ಜೊತೆ ಹುಟ್ಟಿದ ಸೊಸೆ

ಮುಂಬೈನ ಮುಲುಂಡ್‌ನಲ್ಲಿ ತಂಗಿಗೆ ಮೊನ್ನೆ ಹೆಣ್ಣು ಮಗು ಆಯ್ತು. ಕೆಳವಸಡಿನ ಮುಂದೆ ಅಕ್ಕಿನುಚ್ಚಿನಷ್ಟು ಒಂದು ಹಲ್ಲು! ಊರಿಂದ ಬಂದ ದೊಡ್ಡಮ್ಮನ ಮುಖ ಬಾಡಿತು. "ಸೋದರಮಾವನಿಗೆ ಒಳ್ಳೇದಲ್ವಂತೆ ಕಣೋ" ಎಂದರು. ಆ ಮಾವ ನಾನೇ. ನನಗೆ ಭಯ ಆಗಿದ್ದು ಮಗುವಿನ ಬಗ್ಗೆ.

ಡಾಕ್ಟರ್ ನಿಧಾನವಾಗಿ ಬಿಡಿಸಿ ಹೇಳಿದರು. ಇದು ಹೆಚ್ಚಾಗಿ 6 ತಿಂಗಳ ಸುಮಾರಿಗೆ ಬರಬೇಕಾದ ಹಾಲುಹಲ್ಲೇ, ಬೇಗ ಬಂದಿರುತ್ತದೆ. ಮೇಲಿನ ಎನಾಮಲ್ ತೆಳು, ಸ್ವಲ್ಪ ಹಳದಿ. ಒಳಗೆ ಬೇರು ಇನ್ನೂ ಬೆಳೆದಿರುವುದಿಲ್ಲ, ವಸಡೇ ಹಿಡಿದುಕೊಂಡಿರುತ್ತದೆ. ಅದಕ್ಕೇ ಅಲುಗಾಡುತ್ತದೆ. ಜಾಸ್ತಿ ಸಡಿಲವಿದ್ದರೆ ಕಳಚಿ ಉಸಿರಿನ ದಾರಿಗೆ ಜಾರಬಹುದು ಅಂತ ತೆಗೆಯುತ್ತಾರೆ. ಗಟ್ಟಿಯಿದ್ದರೆ ಬಿಡುವುದೇ ವಾಸಿ. ತೆಗೆದರೆ ಆ ಜಾಗ ಸುಮಾರು 6 ವರ್ಷ ಖಾಲಿ.

ನಮ್ಮ ಪುಟ್ಟಿಯದು ಗಟ್ಟಿಯಾಗಿದೆ. ಹಾಲು ಕುಡಿಯುವಾಗ ಅಂಚು ತಾಗಿ ನಾಲಿಗೆಯ ಕೆಳಗೆ ಹುಣ್ಣಾಗದಂತೆ ನೋಡಿಕೊಳ್ಳಬೇಕು, ಅಷ್ಟೇ. ದೊಡ್ಡಮ್ಮನ ಕೈ ಹಿಡಿದು ಇದನ್ನೆಲ್ಲ ಹೇಳಿದೆ.

ಹಾಲುಹಲ್ಲಿನ ಮೊಳಕೆ ಹೊಟ್ಟೆಯೊಳಗೆ 6ನೇ ವಾರದ ಹೊತ್ತಿಗೇ ಶುರುವಾಗುತ್ತದಂತೆ. ತಂಗಿ ಫೋನ್ ಮಾಡಿ "ಅಣ್ಣಾ, ಸಿಹಿ ಸುದ್ದಿ" ಅಂದಳಲ್ಲ, ಆಗಲೇ ಈ ಹಲ್ಲು ಹೊರಟಿತ್ತು ಅಲ್ವಾ!