ನೂರ ಇಪ್ಪತ್ತೇಳು

ನರ್ಸಿಂಗ್ ಸಹಾಯಕಿಯರ ತರಬೇತಿಯಲ್ಲಿ ನಾವು ಇಪ್ಪತ್ತೆರಡು ಮಂದಿ ಇದ್ದೆವು, ಬಿಪಿ ಉಪಕರಣ ಒಂದೇ ಇತ್ತು. ನನ್ನ ಸರದಿ ಬರುವಷ್ಟರಲ್ಲಿ ಊಟದ ಗಂಟೆ ಹೊಡೆಯುತ್ತಿತ್ತು. ಪಕ್ಕದವಳ ಅಂಕಿಯನ್ನೇ ತುಸು ಹಿಂದೆ ಮುಂದೆ ಮಾಡಿ ಬರೆದುಕೊಳ್ಳುತ್ತಿದ್ದೆ. ಇಪ್ಪತ್ತರ ಹುಡುಗಿಯರ ತೋಳು. ಎಲ್ಲರದೂ ಹೆಚ್ಚುಕಡಿಮೆ ಅಷ್ಟೇ ತಾನೇ?

ಮೂರನೆಯ ತಿಂಗಳು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಕಳುಹಿಸಿದರು. ಮೊದಲು ಬಂದವರು ಮಂಡಿನೋವಿನ ಒಬ್ಬ ಅಜ್ಜ. ಪಟ್ಟಿ ಸುತ್ತಿ, ಸ್ಟೆತಾಸ್ಕೋಪ್ ಕಿವಿಗಿಟ್ಟು, ಗಾಳಿ ತುಂಬಿ ಬಿಟ್ಟೆ. ಪಾದರಸ ಇಳಿಯಿತು. ಏನೂ ಕೇಳಿಸಲಿಲ್ಲ. ಮತ್ತೊಮ್ಮೆ ಮಾಡಿದರೂ ಅದೇ ನಿಶ್ಶಬ್ದ. ಹಿಂದೆ ಸಾಲು ಬೆಳೆಯುತ್ತಿತ್ತು. 120/80 ಎಂದು ಬರೆದರೆ ಯಾರಿಗಾದರೂ ಅನುಮಾನ ಬರುತ್ತದೆ ಎಂದು ಜಾಣತನದಿಂದ 127/83 ಎಂದು ಬರೆದೆ.

ಸಿಸ್ಟರ್ ಪುಸ್ತಕ ನೋಡಿದರು. ದನಿ ಎತ್ತಲಿಲ್ಲ. "ಈ ಕೊಳವೆಯಲ್ಲಿ 127 ಎಲ್ಲಿದೆ, ತೋರಿಸು" ಎಂದರು.

ಬಗ್ಗಿ ನೋಡಿದೆ. ಒಂದು ಗೆರೆಗೂ ಇನ್ನೊಂದಕ್ಕೂ ಎರಡು ಮಿಲಿಮೀಟರ್ ಅಂತರ. 126 ಇತ್ತು, 128 ಇತ್ತು. ಬೆಸಸಂಖ್ಯೆಗೆ ಗೆರೆಯೇ ಇರಲಿಲ್ಲ.

ಅವರು ನನ್ನ ಕಿವಿಯಿಂದ ಸ್ಟೆತಾಸ್ಕೋಪ್ ತೆಗೆದು ತಿರುಗಿಸಿ ಹಾಕಿದರು. ಅದರ ಕಿವಿತುದಿಗಳು ಮೂಗಿನ ಕಡೆಗೆ, ಮುಂದಕ್ಕೆ ಬಾಗಿರಬೇಕು. ನಾನು ಹಿಂದುಮುಂದಾಗಿ ಹಾಕಿಕೊಂಡಿದ್ದೆ. ಎರಡು ತಿಂಗಳಲ್ಲಿ ಇಷ್ಟನ್ನೂ ಕಲಿತಿರಲಿಲ್ಲ ಎನ್ನುವುದನ್ನು ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

"ಅಜ್ಜ, ಐದು ನಿಮಿಷ ಮಾತಾಡದೆ ಕುಳಿತಿರಿ. ಕಾಲು ನೆಲದ ಮೇಲಿರಲಿ" ಎಂದರು ಸಿಸ್ಟರ್. ಅಜ್ಜ ನಕ್ಕರು. "ಕೂರುತ್ತೇನಮ್ಮ. ನನ್ನ ಬಸ್ಸು ಇರುವುದು ಮೂರೂವರೆಗೆ."

ಈ ಸಲ ಮೊದಲು ಕಿವಿಯಲ್ಲ, ಬೆರಳು. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬುತ್ತಾ ಹೋದೆ. 130ಕ್ಕೆ ಬಡಿಯುತ್ತಿತ್ತು. 150ಕ್ಕೂ ಬಡಿಯುತ್ತಿತ್ತು. 160 ದಾಟಿದ ಮೇಲೆಯೇ ನಾಡಿ ಬೆರಳಿನಡಿ ಮಾಯವಾದದ್ದು. ನನ್ನ ಬಾಯಿ ಒಣಗಿತು. ಗಾಳಿಯನ್ನೆಲ್ಲ ಬಿಟ್ಟು, ತುಸು ತಡೆದು, ಮೊಣಕೈ ಮಡಿಕೆಯ ಒಳಬದಿಗೆ ಸ್ಟೆತಾಸ್ಕೋಪ್ ಇಟ್ಟೆ. ನಾಡಿ ನಿಂತ ಅಂಕಿಗಿಂತ ಮೂವತ್ತು ಮೇಲಕ್ಕೆ ಏರಿಸಿ, ಸೆಕೆಂಡಿಗೆ ಒಂದೊಂದೇ ಗೆರೆಯಂತೆ ಇಳಿಸಿದೆ. 168ರಲ್ಲಿ ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ, ಟಕ್. ಆಮೇಲೆ ಟಕ್, ಟಕ್. 96ರ ನಂತರ ಸದ್ದು ನಿಂತಿತು. ಸಿಸ್ಟರ್ ತಾವೂ ನೋಡಿದರು, ಅದೇ ಬಂತು.

"ಬಿಪಿ ಮಾತ್ರೆ ನುಂಗುತ್ತೀರಾ, ಅಜ್ಜ?"

"ಮುಗಿದು ತಿಂಗಳಾಯಿತು. ಮಂಡಿಗೆ ಬಂದಾಗ ಕೇಳೋಣ ಅಂತ ಇದ್ದೆ."

ಅವರನ್ನು ವೈದ್ಯರ ಕೋಣೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದು, ನಾನು ಪೆನ್ನಿನಿಂದ ಹಳೆಯ ಅಂಕಿಯನ್ನು ಗೀಚಿ ಮುಚ್ಚಲು ಹೊರಟೆ. ಸಿಸ್ಟರ್ ಕೈ ತಡೆದರು. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕಂತೆ, ತಪ್ಪು ಓದಲು ಬರುವಂತೆಯೇ ಉಳಿಯಬೇಕಂತೆ. ಹಾಕಿದೆ. ಆಸ್ಪತ್ರೆಯ ದಾಖಲೆಯಲ್ಲಿ ನನ್ನ ಮೊದಲ ಸಹಿ ಅದು.